ನಿಕ್ಕಲ್ ಹಿಡಿಯದ ಜಾಗ

“ಅಪ್ಪಾವರೇ, ಇನ್ನೆಷ್ಟು ತೊಳೆದುಕೊಂಡರೆ ನನ್ನ ಸಿಟ್ಟು ಹೋದೀತು?”

ಕೇಳಿದವನು ಚರಂತಯ್ಯ, ಮನೆ ಹೊಲ ಎಲ್ಲ ಬಿಟ್ಟು ಮಠ ಸೇರಿದ ಶಿಷ್ಯ. ಬೆಳಗಾಗುವ ಮುಂಚೆ ಎದ್ದು ಗುರುಗಳ ಮರದ ಹಾವುಗೆಗಳನ್ನು ಒರೆಸಿ, ಕಣ್ಣಿಗೊತ್ತಿಕೊಂಡು, ಬಾಗಿಲಲ್ಲಿ ಜೋಡಿಸಿಡುವುದು ಅವನ ಪಾಲಿನ ಸೇವೆ. ಅಂದು ದರ್ಶನಕ್ಕೆ ಬಂದ ಮುದುಕಿಯೊಬ್ಬಳು, ಹಾವುಗೆ ನೀರಲ್ಲಿ ನೆನೆಯುತ್ತಿವೆಯಲ್ಲ ಎಂದು ಎತ್ತಿ ಪಕ್ಕಕ್ಕಿಟ್ಟಿದ್ದಳು. ತಾನು ಒರೆಸಿಟ್ಟ ಹಾವುಗೆ ಮುಟ್ಟಿದಳೆಂದು ಚರಂತಯ್ಯ ಅವಳ ಮೇಲೆ ಹರಿಹಾಯ್ದ. ಮುದುಕಿ ಪ್ರಸಾದವನ್ನೂ ಮುಟ್ಟದೆ ಹೊರಟುಹೋದಳು. ಹೀಗಾಗುವುದು ಇದೇ ಮೊದಲಲ್ಲ. ಪ್ರತಿಸಲವೂ ಅವನು ಹಳಹಳಿಸಿ ಜಪ ಹೆಚ್ಚಿಸಿದ್ದ, ಒಪ್ಪತ್ತು ಮಾಡಿದ್ದ, ಹಾವುಗೆಗಳನ್ನು ಇನ್ನಷ್ಟು ಹೊತ್ತು ಕಣ್ಣಿಗೊತ್ತಿಕೊಂಡಿದ್ದ. ಜಪದ ಜೊತೆಗೆ ಸಿಟ್ಟೂ ಬೆಳೆಯುತ್ತಲೇ ಇತ್ತು.

ಗುರುಗಳು ಗದರಲಿಲ್ಲ. ಕೂತುಕೋ ಎಂದು ಹೇಳಿ ಒಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಪ್ಲೇಟಿಂಗ್ ಕೆಲಸದವನಿದ್ದ. ಹೆಸರು ಬೇಕೇ ಬೇಕು ಎಂದರೆ ಮೋನಪ್ಪ ಅನ್ನೋಣ. ಕಾರ್ಖಾನೆಯವರು ಉಕ್ಕಿನ ಸಾಮಾನು ಮಾಡಿ ಕಳಿಸುತ್ತಿದ್ದರು. ಇವನು ಅದಕ್ಕೆ ತುಕ್ಕು ಹಿಡಿಯದ ಹಾಗೆ ಮೇಲೆ ನಿಕ್ಕಲ್ ಏರಿಸಿ ಹಿಂದಕ್ಕೆ ಕೊಡುತ್ತಿದ್ದ. ಒಂದು ಶೆಡ್ಡು, ಸಾಲಾಗಿ ತೊಟ್ಟಿಗಳು, ಕೈಕೆಳಗೆ ನಾಲ್ಕಾರು ಜನ. ಬಹಳ ಕಾಲ ಸೈಕಲ್ಲಿನ ಹ್ಯಾಂಡಲ್ಲುಗಳಿಗೆ ನಿಕ್ಕಲ್ ಹಾಕಿದ. ಆಮೇಲೆ ಹ್ಯಾಂಡಲ್ಲು ಬರುವುದು ನಿಂತು, ನೀರೆತ್ತುವ ಪಂಪು ಮಾಡುವ ಕಾರ್ಖಾನೆಯೊಂದರ ಕೆಲಸ ಸಿಕ್ಕಿತು. ಪಂಪಿನೊಳಗೆ ತಿರುಗುವ ಉಕ್ಕಿನ ಸರಳುಗಳು, ಅಂದರೆ ಶಾಫ್ಟುಗಳೆಲ್ಲ ಇವನ ತೊಟ್ಟಿಯಲ್ಲಿ ಮುಳುಗಿ ಏಳಬೇಕು. ಶೆಡ್ಡಿಗೆ ಈಗ ಅದೊಂದೇ ಆಧಾರ.

ಚರಂತಯ್ಯ, ಈ ಕೆಲಸದ ಮರ್ಮ ಇರುವುದು ತೊಳೆಯುವುದರಲ್ಲಿ. ಲೇತ್ ಯಂತ್ರದಲ್ಲಿ ಕಡೆದು ಬಂದ ಶಾಫ್ಟಿಗೆ ಎಣ್ಣೆ ಮೆತ್ತಿರುತ್ತದೆ. ಅದನ್ನು ಕಾಸ್ಟಿಕ್ ಸೋಡಾ ಬೆರೆಸಿದ ಕುದಿನೀರಿನಲ್ಲಿ ತೊಳೆದು, ಆಸಿಡ್ಡಿನಲ್ಲಿ ಅದ್ದಿ, ತಣ್ಣೀರಿನಲ್ಲಿ ಜಾಲಿಸಿ ಎತ್ತಿ ನೋಡುತ್ತಾರೆ. ನೀರು ಒಂದೇ ಪದರವಾಗಿ ಮೈತುಂಬ ನಿಂತರೆ ಶಾಫ್ಟು ಶುದ್ಧ. ಎಲ್ಲಾದರೂ ಪದರ ಒಡೆದು ಹನಿಹನಿಯಾದರೆ ಅಲ್ಲಿ ಜಿಡ್ಡು ಉಂಟು. ಜಿಡ್ಡಿನ ಮೇಲೂ ನಿಕ್ಕಲ್ ಕೂರುತ್ತದೆ, ಥಳಥಳ ಹೊಳೆಯುತ್ತದೆ, ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಶಾಫ್ಟು ತಿರುಗಿ ಬಿಸಿಯಾದ ಮೇಲೆ ಅಲ್ಲಿ ಹಪ್ಪಳದ ಹಾಗೆ ಎದ್ದುಬರುತ್ತದೆ. ಅದಕ್ಕೇ ತೊಳೆದ ಶಾಫ್ಟನ್ನು ಯಾರೂ ಬರಿಗೈಯಲ್ಲಿ ಮುಟ್ಟುವಂತಿಲ್ಲ. ಕೈಗವಸು ಹಾಕಿ, ಎರಡು ತುದಿ ಹಿಡಿದೇ ಎತ್ತಬೇಕು.

ಇದರಲ್ಲಿ ಮೋನಪ್ಪ ಬಲು ಕಟ್ಟುನಿಟ್ಟು. ಬರಿಗೈಯಲ್ಲಿ ತೊಟ್ಟಿಯ ಹತ್ತಿರ ಸುಳಿದವರಿಗೆ ಬೈಗುಳ ತಪ್ಪುತ್ತಿರಲಿಲ್ಲ. ಅವನಿಗೆ ಒಂದು ಪದ್ಧತಿಯೂ ಇತ್ತು. ದಿನದ ಮೊದಲ ಶಾಫ್ಟನ್ನು ತೊಳೆದು ಜಾಲಿಸಿದ ಮೇಲೆ ತಾನೇ ಎತ್ತಿ, ಕಣ್ಣಿಗೊತ್ತಿಕೊಂಡು, ನಿಕ್ಕಲ್ ತೊಟ್ಟಿಗೆ ಇಳಿಸುತ್ತಿದ್ದ. ಅವನ ಅಪ್ಪ ಪಾತ್ರೆಗೆ ಕಲಾಯಿ ಹಾಕುತ್ತಿದ್ದವನು. ದಿನದ ಮೊದಲ ಪಾತ್ರೆಯನ್ನು ಅವನೂ ಹೀಗೆಯೇ ಕಣ್ಣಿಗೊತ್ತಿಕೊಳ್ಳುತ್ತಿದ್ದ.

ಒಂದು ದಿನ ಕಾರ್ಖಾನೆಯಿಂದ ಒಂದು ಶಾಫ್ಟು ವಾಪಸು ಬಂತು. ನಡುಭಾಗದಲ್ಲಿ ನಿಕ್ಕಲ್ ಎದ್ದು, ಅಡಿಯಲ್ಲಿ ತುಕ್ಕು ಹಿಡಿದಿತ್ತು. ಎಲ್ಲೋ ಕೈ ತಪ್ಪಿರಬೇಕು ಎಂದುಕೊಂಡ. ಕೆಲವು ದಿನಕ್ಕೆ ಇನ್ನೊಂದು ಬಂತು, ಅದರ ಹಿಂದೆ ಮತ್ತೊಂದು. ಮೋನಪ್ಪ ಆಸಿಡ್ಡು ಚೆಲ್ಲಿ ಹೊಸದು ತುಂಬಿದ. ಕರೆಂಟು ಏರಿಸಿ ಇಳಿಸಿ ನೋಡಿದ. ತೊಟ್ಟಿಗಳನ್ನೆಲ್ಲ ಬರಿದು ಮಾಡಿ ಉಜ್ಜಿಸಿದ. ಶಾಫ್ಟು ವಾಪಸು ಬರುವುದು ನಿಲ್ಲಲಿಲ್ಲ. ಭಕ್ತಿ ಸಾಲಲಿಲ್ಲವೇನೋ ಎಂಬ ಅಳುಕು ಹುಟ್ಟಿ, ದಿನಕ್ಕೊಂದು ಶಾಫ್ಟು ಕಣ್ಣಿಗೊತ್ತಿಕೊಳ್ಳುತ್ತಿದ್ದವನು ತೊಟ್ಟಿಗಿಳಿಸುವ ಪ್ರತಿ ಬುಟ್ಟಿಗೊಂದು ಒತ್ತಿಕೊಳ್ಳತೊಡಗಿದ. ಒತ್ತುವುದೂ ಮೊದಲಿಗಿಂತ ಗಟ್ಟಿಯಾಗಿ, ಹಣೆಯಲ್ಲಿ ಗೆರೆ ಮೂಡುವಷ್ಟು. ವಾಪಸು ಬರುವ ಶಾಫ್ಟುಗಳು ಇನ್ನೂ ಹೆಚ್ಚಾದವು.

ಕಾರ್ಖಾನೆಯ ಮ್ಯಾನೇಜರು ತಾನೇ ಶೆಡ್ಡಿಗೆ ಬಂದ. ಇನ್ನೊಂದು ಸಲ ಹೀಗಾದರೆ ಶಾಫ್ಟುಗಳನ್ನು ಬೇರೆ ಕಡೆ ಕಳಿಸುವುದಾಗಿ ಹೇಳಿ ಹೋದ. ಹಾಗಾದರೆ ಶೆಡ್ಡಿಗೆ ಬೀಗ, ಅಲ್ಲಿ ದುಡಿಯುವವರೆಲ್ಲ ಬೀದಿಗೆ. ತೊಳೆಯುವ ತೊಟ್ಟಿಯಲ್ಲಿ ದುಡಿಯುತ್ತಿದ್ದವಳು ಗಂಗವ್ವ. ನೀನೇ ಬರಿಗೈಯಲ್ಲಿ ಮುಟ್ಟಿದ್ದೀಯ ಎಂದು ಮೋನಪ್ಪ ಎಲ್ಲರೆದುರು ಅವಳ ಮೇಲೆ ಹೊರಿಸಿದ.

ಗಂಗವ್ವ ಕೈಗವಸು ಕಳಚಿ ಕೈ ಮುಂದೆ ಹಿಡಿದಳು. “ನಾ ಮುಟ್ಟಿಲ್ರೀ ಅಣ್ಣಾರ. ಮುಟ್ಟಿದ್ರ, ಮುಟ್ಟೇನಿ ಅಂತ ನಿಮ್ಮ ಮುಂದನ ಹೇಳ್ತಿದ್ದೆ.”

ಮೋನಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳನ್ನು ಪೊಟ್ಟಣ ಕಟ್ಟುವ ಮೂಲೆಗೆ ಕೂರಿಸಿ ತೊಳೆಯುವುದಕ್ಕೆ ಬೇರೆಯವನನ್ನು ನಿಲ್ಲಿಸಿದ. ಆ ಕಂತಿನ ಶಾಫ್ಟುಗಳನ್ನು ಕಳಿಸುವ ಮೊದಲು ಶೆಡ್ಡಿನಲ್ಲೇ ಬಿಸಿಮಾಡಿ ನೋಡಿದರೆ, ಬುಟ್ಟಿಗೊಂದರ ನಿಕ್ಕಲ್ ಎದ್ದಿತು. ಗಂಗವ್ವನ ಕೈ ತಪ್ಪಿಲ್ಲ ಎಂದು ಅವನಿಗೆ ಖಾತ್ರಿಯಾಯಿತು, ನಾಚಿಕೆಯೂ ಆಯಿತು. ಅವಳನ್ನು ಮಾತ್ರ ಆ ಮೂಲೆಯಿಂದ ವಾಪಸು ಕರೆಯಲಿಲ್ಲ.

ಆದರೆ ಗಟ್ಟಿ ಮನುಷ್ಯ. ಇದರ ಮೂಲ ಸಿಗುವ ತನಕ ಒಂದು ಶಾಫ್ಟೂ ಹೊರಗೆ ಹೋಗಕೂಡದು ಎಂದು ಕೆಲಸ ನಿಲ್ಲಿಸಿದ. ಕಾರ್ಖಾನೆಗೂ ಹಾಗೇ ಹೇಳಿ ಕಳಿಸಿದ. ಕೆಲಸ ಹೋದರೆ ಹೋಗಲಿ, ಹೊಳೆಯುವ ಸುಳ್ಳನ್ನು ಮಾತ್ರ ಕಳಿಸಲಾರೆ ಎಂದು ಹಟ ಹಿಡಿದ. ಕೆಟ್ಟ ಶಾಫ್ಟುಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಮಲಗಿಸಿ ಅವುಗಳ ಮುಂದೆ ಕುಕ್ಕುರುಗಾಲಲ್ಲಿ ಕೂತ.

ನೋಡುತ್ತಾ ನೋಡುತ್ತಾ ಒಂದು ಸಂಗತಿ ಕಣ್ಣಿಗೆ ಬಿತ್ತು. ಎಲ್ಲದರಲ್ಲೂ ನಿಕ್ಕಲ್ ಎದ್ದದ್ದು ನಟ್ಟನಡುವೆ. ಶೆಡ್ಡಿನಲ್ಲಿ ಎಲ್ಲರೂ ಹಿಡಿಯುವುದು ತುದಿಗಳನ್ನು, ನಡುವೆ ಯಾರ ಕೈಯೂ ಹೋಗುವುದಿಲ್ಲ. ಹಾಗಾದರೆ ಅಲ್ಲಿಗೆ ತಾಗುವುದು ಏನು? ಹತ್ತಿರದಿಂದ ನೋಡೋಣವೆಂದು ಒಂದನ್ನು ಎರಡೂ ತುದಿ ಹಿಡಿದು ಎತ್ತಿದ. ಕೈಗಳು ರೂಢಿಯಂತೆ ಮೇಲಕ್ಕೆ ಹೋದವು. ಎದ್ದ ನಿಕ್ಕಲ್ಲಿನ ಚೂಪು ಅವನ ಹುಬ್ಬುಗಳ ನಡುವೆ ಚುಚ್ಚಿತು.

ಮೋನಪ್ಪ ಶಾಫ್ಟನ್ನು ಇಳಿಸಲೂ ಆಗದೆ ಹಾಗೇ ಕೂತುಬಿಟ್ಟ. ಅಯ್ಯೋ ಶಿವನೇ, ಇದು ನನ್ನದೇ ಹಣೆ ಎಂದುಕೊಂಡ.

ಆಮೇಲೆ ಎದ್ದು, ಗಂಗವ್ವನನ್ನು ಕರೆದು, ಎರಡು ಶಾಫ್ಟು ತೊಳೆದು ತರಲು ಹೇಳಿದ. ಎಲ್ಲರೂ ಸುತ್ತ ನಿಂತರು. ಒಂದನ್ನು ಕಣ್ಣಿಗೊತ್ತಿಕೊಂಡ, ಇನ್ನೊಂದನ್ನು ಹಾಗೇ ಬಿಟ್ಟ. ಎರಡನ್ನೂ ತಣ್ಣೀರಿನಲ್ಲಿ ಅದ್ದಿ ಎತ್ತಿಸಿದ. ಬಿಟ್ಟ ಶಾಫ್ಟಿನ ಮೇಲೆ ನೀರು ಒಂದೇ ಪದರವಾಗಿ ನಿಂತಿತು. ನಮಸ್ಕಾರ ಮಾಡಿದ ಶಾಫ್ಟಿನ ಮೇಲೆ ನಟ್ಟನಡುವೆ, ಒಂದು ಹಣೆಯಗಲ, ನೀರು ಹನಿಹನಿಯಾಗಿ ಒಡೆಯಿತು. ತೊಟ್ಟಿಯ ಹಬೆಗೆ ಬೆವೆತ ಹಣೆ, ತಲೆಗೆ ಹಚ್ಚಿದ ಎಣ್ಣೆ, ಬೆಳಗಿನ ವಿಭೂತಿ ಎಲ್ಲವೂ ಅಲ್ಲಿ ಅಂಟಿತ್ತು. ಅಷ್ಟು ದಿನ ಎಲ್ಲವನ್ನೂ ಪರೀಕ್ಷೆ ಮಾಡಿದ್ದರು, ನಮಸ್ಕಾರವಾದ ಮೇಲೆ ಮಾತ್ರ ಯಾರೂ ನೀರಿನಲ್ಲಿ ಅದ್ದಿ ನೋಡಿರಲಿಲ್ಲ. ದೇವರ ಕೆಲಸದಲ್ಲಿ ಜಿಡ್ಡು ಹುಡುಕಲು ಯಾರಿಗೆ ತೋಚೀತು?

“ಜಿಡ್ಡು ನನ್ನ ಹಣೀದವ್ವಾ,” ಎಂದ ಮೋನಪ್ಪ, “ನಿನ್ನ ಕೈಮ್ಯಾಲೆ ಹೊರಿಸಿದೆ.”

ಗಂಗವ್ವ ಕೈಗವಸು ಹಾಕಿಕೊಂಡು ತನ್ನ ತೊಟ್ಟಿಯ ಹತ್ತಿರ ಹೋಗಿ ನಿಂತಳು.

ಇನ್ನುಮುಂದೆ ಕಣ್ಣಿಗೊತ್ತಿಕೊಳ್ಳುವುದು ಬೇಡವೇ, ಹಿರಿಯರಿಂದ ಬಂದದ್ದಲ್ಲವೇ ಎಂದು ಕೆಲಸದವರು ಅಂಜಿದರು. ಮೋನಪ್ಪನಿಗೆ ಅಪ್ಪನ ಮುಖ ನೆನಪಾಯಿತು. ಅಪ್ಪನ ಹಣೆಯ ಮೇಲೆ ಯಾವಾಗಲೂ ಮಸಿ ಇರುತ್ತಿತ್ತು. ಅಪ್ಪ ಕಣ್ಣಿಗೊತ್ತಿಕೊಳ್ಳುತ್ತಿದ್ದದ್ದು ಬೆಳಗಿದ ಪಾತ್ರೆಯನ್ನಲ್ಲ, ಯಾರದೋ ಒಲೆಯಿಂದ ಮಸಿ ಹೊತ್ತು ಬಂದ ಪಾತ್ರೆಯನ್ನು. ಮಗ ಪದ್ಧತಿಯನ್ನು ಉಳಿಸಿಕೊಂಡಿದ್ದ, ಒತ್ತಿಕೊಳ್ಳುವ ವೇಳೆಯನ್ನು ಮಾತ್ರ ಬದಲಾಯಿಸಿಬಿಟ್ಟಿದ್ದ. ಹೊಳೆಯುವ ವಸ್ತು ಹಣೆಗೆ ಹಿತವಾಗಿ ಕಂಡಿರಬೇಕು.

ಇದ್ದಬದ್ದ ಶಾಫ್ಟುಗಳ ನಿಕ್ಕಲ್ಲನ್ನೆಲ್ಲ ಬಿಚ್ಚಿ, ಮತ್ತೆ ತೊಳೆದು, ಮತ್ತೆ ಏರಿಸಿದರು. ಸೊಂಟ ಬಿದ್ದುಹೋಗುವಷ್ಟು ದುಡಿದರು. ಬಿಸಿಮಾಡಿ ನೋಡಿದರೆ ಒಂದರಲ್ಲೂ ಏಳಲಿಲ್ಲ. ಕಾರ್ಖಾನೆಯವರು ಮತ್ತೆ ಲಾರಿ ಕಳಿಸಿದರು. ಲಾರಿ ಬಂದ ಕೂಡಲೇ ಮೋನಪ್ಪ ಹೊರಗೆ ಹೋಗಿ, ಎಣ್ಣೆ ಸುರಿಯುತ್ತಿದ್ದ ಮೊದಲ ಶಾಫ್ಟನ್ನು ಎತ್ತಿ ಕಣ್ಣಿಗೊತ್ತಿಕೊಂಡು, ತೊಳೆಯಲೆಂದು ಗಂಗವ್ವನ ಕೈಗೆ ಕೊಟ್ಟ. ಹಣೆಯ ತುಂಬ ಕರಿ ಎಣ್ಣೆ. ಲಾರಿಯವನು ನಕ್ಕ. ಮೋನಪ್ಪ ಅದನ್ನು ಸಂಜೆಯ ತನಕ ಒರೆಸಿಕೊಳ್ಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಚರಂತಯ್ಯನಿಗೆ ಕತೆ ಹಿಡಿಸಿತ್ತು. ಅವನು ಕೈಜೋಡಿಸಿ, ತನ್ನ ಜಿಡ್ಡು ಎಲ್ಲಿದೆ ಎಂದು ಕೇಳಿದ. ಅದನ್ನೂ ತೋರಿಸಿಕೊಟ್ಟರೆ ಇಂದೇ ತೊಳೆದುಕೊಳ್ಳುವುದಾಗಿ ಹೇಳಿದ.

ಗುರುಗಳು ಎದ್ದು ಬಾಗಿಲಿಗೆ ಹೋದರು. ಬಗ್ಗಿ ತಮ್ಮ ಹಾವುಗೆಗಳನ್ನು ತಾವೇ ಎತ್ತಿಕೊಂಡರು.

“ನಾಳೆಯಿಂದ ಇವನ್ನು ನಾನೇ ಎತ್ತಿಟ್ಟುಕೊಳ್ಳುತ್ತೇನೆ, ನೀನು ಬಂದವರ ಕೆಸರು ಚಪ್ಪಲಿ ಎತ್ತಿಡು.”