ಹತ್ತನೆಯ ಕಡ್ಡಿ

ಕಲ್ಲುಕೋಟೆಯ ಬೂತರಸ ಡಂಗುರ ಹೊಡೆಸಿದ. ಡಂಗುರವೆಂದರೆ ಈಗಿನ ತಗಡಿನ ಡಬ್ಬವಲ್ಲ. ಏಳು ಕೋಣದ ಚರ್ಮ ಬಿಗಿದದ್ದು, ಒಂದೇಟು ಬಿದ್ದರೆ ಮೂರು ಹರದಾರಿ ಆಚೆಯ ಕೋಳಿ ಗಾಬರಿಗೆ ಜೋಡಿ ಮೊಟ್ಟೆ ಇಡುತ್ತಿತ್ತು. ಸಾರಿದ್ದು ಇಷ್ಟು: ಮಗಳು ಪದುಮಾಂಬೆಯ ಮೂರು ಒಗಟು ಬಿಡಿಸಿದವನಿಗೆ ಮಗಳೂ ಉಂಟು, ಅರ್ಧ ರಾಜ್ಯವೂ ಉಂಟು. ಒಂದು ತಪ್ಪಿದರೂ ಅಮಾವಾಸ್ಯೆಗೆ ತಲೆ ಇಲ್ಲ.

ಪೊರಕೆ ಕಟ್ಟುವವರ ಕೇರಿಯಲ್ಲಿ ದೊಡ್ಡೀರ, ಸಣ್ಣೀರ ಎಂದು ಅಣ್ಣತಮ್ಮಂದಿರು. ಸಾಕಿದ ಅಜ್ಜಿ ತೀರಿಕೊಂಡ ಮೇಲೆ ಸಣ್ಣೀರನಿಗೆ ಅಣ್ಣನೇ ತಾಯಿ, ಅಣ್ಣನೇ ತಂದೆ. ದೊಡ್ಡೀರನ ಮೀಸೆಯೋ, ತುದಿಗೊಂದು ನಿಂಬೆಹಣ್ಣು ನಿಲ್ಲುತ್ತಿತ್ತು. “ಒಗಟು ಯಾಕೋ ತಮ್ಮ, ಮೀಸೆ ನೋಡಿದರೇ ಒಪ್ಪುತ್ತಾಳೆ,” ಎಂದು ಹೋದವನು ತಿರುಗಿ ಬರಲಿಲ್ಲ. ಸೆರೆಮನೆ ಸೇರಿದನೆಂದು ಸುದ್ದಿ ಬಂತು.

ಸಣ್ಣೀರ ಪೊರಕೆ ಹೊತ್ತುಕೊಂಡೇ ಅರಮನೆಗೆ ನಡೆದ. ಅಲ್ಲಿ ಶಾಲು ಹೊದ್ದ ಪಂಡಿತನೊಬ್ಬ, ಮೊದಲೆರಡು ಒಗಟು ಮಕ್ಕಳಾಟ, ಮೂರನೆಯದನ್ನೇ ಕೇಳು ಎಂದು ಪದುಮಾಂಬೆಗೆ ಹೇಳುತ್ತಿದ್ದ.

“ಒಂದು ಮನೆಯಲ್ಲಿ ಒಂಬತ್ತು ಮಂದಿ,” ಎಂದಳು ಪದುಮಾಂಬೆ. “ಹತ್ತನೆಯವನು ಕಾಲಿಟ್ಟ, ಮನೆ ಖಾಲಿಯಾಯಿತು. ಸತ್ತವರಿಲ್ಲ, ಕಳೆದುಹೋದವರಿಲ್ಲ. ಎಲ್ಲಿ ಹೋದರು?”

ಪಂಡಿತ ಕಣ್ಣು ಮುಚ್ಚಿ, ಮನೆಯೆಂದರೆ ಒಂಬತ್ತು ಬಾಗಿಲಿನ ಈ ದೇಹ, ಹತ್ತನೆಯವನು ಯಮ ಎಂದ. ಸಭೆಯೆಲ್ಲ ತಲೆದೂಗಿತು.

“ಸತ್ತವರಿಲ್ಲ ಅಂದೆನಲ್ಲ ಸ್ವಾಮಿ.”

ಭಟರು ಅವನನ್ನು ಶಾಲಿನ ಸಮೇತ ಎಳೆದೊಯ್ದರು.

ಸಣ್ಣೀರ ಕೈಮುಗಿದ. “ನನಗೆ ರಾಜ್ಯ ಬೇಡ ಬುದ್ಧಿ, ಅಣ್ಣ ದೊಡ್ಡೀರನ ತಲೆ ಕೊಟ್ಟರೆ ಸಾಕು.”

“ಮೊದಲು ನಿನ್ನದನ್ನು ಉಳಿಸಿಕೊಳ್ಳೋ,” ಎಂದ ಅರಸ.

ಪದುಮಾಂಬೆ ಮೊದಲ ಒಗಟು ಹಾಕಿದಳು. “ಎರಡು ಬಂದು ಐದರ ಪಕ್ಕ ಕೂತಿತು, ಐದೇ ಚಿಕ್ಕದಾಯಿತು. ಹೇಗೆ? ನಿಮ್ಮಣ್ಣ ಎರಡು ಹುಲಿ, ಐದು ಇಲಿ ಎಂದ. ಹಾಗಲ್ಲ, ಎರಡೂ ಒಂದೇ ಜಾತಿ.”

ಸಣ್ಣೀರನಿಗೆ ಅಜ್ಜಿಯ ಜಗಲಿ ಕಣ್ಣಿಗೆ ಕಟ್ಟಿತು. ಹಸಿ ತೆಂಗಿನ ಗರಿಯ ವಾಸನೆ, ಸುಣ್ಣದಲ್ಲಿ ಗೀಚಿದ ಎರಡು ಮನೆ. ಬಲಮನೆಯಲ್ಲಿ ಬಿಡಿ ಕಡ್ಡಿ, ಎಡಮನೆಯಲ್ಲಿ ಹತ್ತತ್ತರ ಕಟ್ಟು. ಅವಳು ಕಲಿಸುವಾಗ ದೊಡ್ಡೀರ ಕೆರೆಗೆ ಈಜಲು ಓಡುತ್ತಿದ್ದ. ಸಣ್ಣೀರ ಪೊರಕೆ ಬಿಚ್ಚಿ ನೆಲದ ಮೇಲೆ ಎಡಕ್ಕೆ ಎರಡು ಕಟ್ಟು, ಬಲಕ್ಕೆ ಐದು ಬಿಡಿ ಇಟ್ಟ. “ಎಡಕ್ಕೆ ಕೂತ ಎರಡು ಅಂದರೆ ಇಪ್ಪತ್ತು ಕಡ್ಡಿ, ಅಮ್ಮಣ್ಣಿ. ಅದರ ಮುಂದೆ ಐದು ಚಿಕ್ಕದೇ. ಒಟ್ಟು ಇಪ್ಪತ್ತೈದು. ಅದಲು ಬದಲು ಮಾಡಿದರೆ ಐವತ್ತೆರಡು.”

ಪದುಮಾಂಬೆ ಎರಡನೆಯದನ್ನು ಹಾಕಿದಳು.

“ಅವನ ಹತ್ತಿರ ಏನೂ ಇಲ್ಲ. ಆದರೂ ಅವನು ಬಲಕ್ಕೆ ಬಂದು ಕೂತರೆ ಎಡಗಡೆಯವನು ಹತ್ತುಪಟ್ಟು ಆಗುತ್ತಾನೆ. ಯಾರವನು?”

ಬಿಡಿ ಕಡ್ಡಿ ಉಳಿಯದಾಗ ಅಜ್ಜಿ ಬಲಮನೆಯಲ್ಲಿ ಖಾಲಿ ಕರಟ ಬೋರಲು ಹಾಕುತ್ತಿದ್ದಳು. ಮನೆ ಖಾಲಿಯಾದರೂ ಕಾಯೋಕೆ ಒಬ್ಬ ಬೇಕಲ್ಲ ಮಗ, ಎನ್ನುತ್ತಿದ್ದಳು. “ಸೊನ್ನೆ,” ಎಂದ ಸಣ್ಣೀರ. “ಅವನು ಕಾವಲಿದ್ದರೆ ಮೂರು ಮೂವತ್ತಾಗುತ್ತದೆ. ಎದ್ದು ಹೋದರೆ ಮತ್ತೆ ಬರೀ ಮೂರು.”

ಇನ್ನು ಉಳಿದದ್ದು ಪಂಡಿತನನ್ನು ನುಂಗಿದ ಒಗಟು. ಸಣ್ಣೀರ ಬಲಮನೆಯಲ್ಲಿ ಒಂಬತ್ತು ಕಡ್ಡಿ ಜೋಡಿಸಿದ. ಏನೂ ಹೊಳೆಯಲಿಲ್ಲ. ಹೊರಗೆ ಕತ್ತಿ ಮಸೆಯುವ ಸದ್ದು. ತೋಚದೆ ಹತ್ತನೆಯ ಕಡ್ಡಿ ಇಟ್ಟ. ಇಟ್ಟದ್ದೇ ತಡ, ಕೈ ತಾನಾಗಿ ಸೊಂಟಕ್ಕೆ ಹೋಗಿ ನಾರು ತಡಕಾಡಿತು. ಹತ್ತಾದ ಕಡ್ಡಿಯನ್ನು ಬಿಡಿಯಾಗಿ ಬಿಟ್ಟು ಗೊತ್ತಿದ್ದ ಕೈಯಲ್ಲ ಅದು. ಸೊಂಟದಲ್ಲಿದ್ದ ನಾರು ಮೊದಲಿನ ಎರಡು ಕಟ್ಟಿಗೇ ಮುಗಿದಿತ್ತು.

ಪದುಮಾಂಬೆ ಮುಡಿಯಿಂದ ಮಲ್ಲಿಗೆ ದಂಡೆ ತೆಗೆದು, ಹೂ ಉದುರಿಸಿ, ಬಾಳೆನಾರನ್ನು ಚಾಚಿದಳು. “ಇದು ಆದೀತೇ?”

ಸಣ್ಣೀರ ಹತ್ತನ್ನೂ ಸೇರಿಸಿ ಕಟ್ಟಿ, ಎಡಮನೆಗೆ ಸರಿಸಿದ. ಬಲಮನೆ ಖಾಲಿ. “ಎಲ್ಲಿಗೂ ಹೋಗಲಿಲ್ಲ ಅಮ್ಮಣ್ಣಿ. ಒಂದು ಕಟ್ಟಾಗಿ ಪಕ್ಕದ ಮನೆಯಲ್ಲಿದ್ದಾರೆ.”

ಅವಳು ಸಿಂಹಾಸನದ ಪಕ್ಕದಿಂದ ಇಳಿದು ನೆಲದ ಮೇಲೇ ಕೂತಳು. ಅವಳಿಗೆ ಎಣಿಕೆ ಕಲಿಸಿದ ಸಾಕುತಾಯಿಯೂ ಹೀಗೇ ನೆಲದಲ್ಲಿ ಮನೆ ಬರೆಯುತ್ತಿದ್ದಳಂತೆ. ಆ ತಾಯಿ ಹೋದ ಮೇಲೆ ಜೊತೆಗೆ ನೆಲಕ್ಕೆ ಕೂತವರು ಯಾರೂ ಇರಲಿಲ್ಲವಂತೆ.

ಸೆರೆಯಲ್ಲಿದ್ದವರೆಲ್ಲ ಬಿಡುಗಡೆಯಾದರು. ಮದುವೆಯ ಊಟಕ್ಕೆ ಬಾಳೆ ಎಲೆ ಸಾಲದೆ ಆನೆಗಳ ಕಿವಿಗೂ ಬಡಿಸಿದರು. ಆಮೇಲೆ ಅರಮನೆಯ ಜಗಲಿಯಲ್ಲಿ ಸಣ್ಣೀರ ಊರ ಮಕ್ಕಳಿಗೆ ಕಡ್ಡಿ ಹಂಚಿ ಕಲಿಸುತ್ತಿದ್ದ. ಮುಂದಿನ ಸಾಲಿನಲ್ಲಿ ಮೀಸೆ ತಿರುವುತ್ತ ದೊಡ್ಡೀರ, ಪಕ್ಕದಲ್ಲಿ ಶಾಲಿನ ಪಂಡಿತ.

ಅವರು ಅಲ್ಲಿ ಕಟ್ಟಾಗಿ ಕೂತರು, ನಾವು ಇಲ್ಲಿ ಬಿಡಿ ಬಿಡಿಯಾಗಿ ಉಳಿದೆವು.