ಹೆಸರಿಲ್ಲದ ಕುದರಿ

ಇದು ನಡದದ್ದು. ಕೈಯಾಗ ಹುರಳಿ ಹಿಡದು ಆಣಿ ಮಾಡ್ತೀನಿ, ಖರೇನ ನಡದದ್ದು. ಸುಳ್ಳಾದ್ರ ನನ್ನ ಮೀಸಿ ಅರ್ಧಾ ಬೋಳಿಸಿ ಊರಾಗ ತಿರುಗಸ್ರಿ. ಕುದರಿ ವಿಷಯದಾಗ ಈ ಹೊಳಿಯ ಎರಡೂ ದಂಡಿಮ್ಯಾಗ ನನ್ನಷ್ಟು ತಿಳದಾಂವ ಯಾವ ಮಗಾನೂ ಇಲ್ಲ. ಹೆಚ್ಚಿಗಿ ತಿಳದಾಂವ ಒಬ್ಬ ಇದ್ದ. ಅವಂದ ಈ ಕಥಿ.

ಖತಾಲಸಾಬ ಅಂತ ಅವನ ಹೆಸರು. ಹೊಳಿ ದಂಡಿಗೆ ಒಂದು ತಗಡಿನ ಛಪ್ಪರ, ಮುಂದ ಅಂಗಳ, ಅಂಗಳದಾಗ ಎರಡು ಕುದರಿ. ಗಾಡಿ ಶರ್ಯತ್ತಿಗೆ ಕುದರಿ ಪಳಗಸಾಂವ. ಮಂದಿ ಎಲ್ಲಾ ಉಸ್ತಾದ ಅಂತಿದ್ರು.

ಅವನ ಹಂತ್ಯಾಕ ಕಲಿಯಾಕ ಬಂದಾಕಿ ದ್ಯಾಮವ್ವ. ಇಪ್ಪತ್ತರ ಹುಡುಗಿ, ಟಾಂಗಾ ಹೊಡಿಯಾವನ ಮಗಳು. ಬಾಯಿ ಜೋರು, ಕೈ ಮೆತ್ತಗ.

ಒಂದಿನ ಆಕಿ ಒಂದು ಹೆಣ್ಣು ಕುದರಿ ಹಿಡಕೊಂಡು ಬಂದ್ಲು. ಬೆನ್ನ ತುಂಬ ಹುಣ್ಣು. ಮೊಣಕಾಲು ಕೆತ್ತಿ ಹೋಗಿದ್ವು. ಹೊಟ್ಟಿ ಬೆನ್ನಿಗೆ ಹತ್ತಿತ್ತು.

"ಎಲ್ಲಿಂದ ತಂದಿ ಈ ಎಲಬಿನ ಗೂಡ?" ಅಂದ ಉಸ್ತಾದ.

"ಇಟ್ಟಂಗಿ ಭಟ್ಟಿಯಾವ್ರು ತಗ್ಗಿನ್ಯಾಗ ಬಿಟ್ಟು ಹೋಗಿದ್ರು, ಉಸ್ತಾದ್ರ. ಒಯ್ಯಲ್ಯಾ ಅಂದೆ. ಒಯ್ಯಿ, ಸತ್ತರ ಹೂಳೂ ಕೆಲಸ ನಿಂದು ಅಂದ್ರು."

"ಮತ್ತ ನನ್ನ ಅಂಗಳಕ್ಕ ಯಾಕ ತಂದಿ? ಹೂಳಾಕ?"

"ಓಡಸಾಕ."

ಖತಾಲಸಾಬ ನಕ್ಕ. ಮುಂದಿನ ಎರಡು ಹಲ್ಲು ಅವಗ ಇರಲಿಲ್ಲ. ನಕ್ಕರ ಸುಂಯ್ ಅಂತ ಗಾಳಿ ಹಾಯ್ತಿತ್ತು.

"ಹೆಸರೇನಿಡೂಣು ಇದಕ್ಕ?" ಕೇಳಿದ್ಲು ದ್ಯಾಮವ್ವ.

"ನನ್ನ ಅಂಗಳದಾಗ ಹೆಸರು ಇಡೂದಿಲ್ಲ. ಆ ಕರೇದರ ಹೆಸರೇನು, ಹೇಳು."

"ಹಲ್ಲು."

"ಯಾಕ?"

"ಒದ್ದು ನಿಮ್ಮ ಹಲ್ಲು ಉದರಿಸೇತಿ."

"ಈ ಕೆಂದಂದು?"

"ಹೆಬ್ಬಟ್ಟು."

ಉಸ್ತಾದ ಎಡಗೈ ಎತ್ತಿ ತೋರಿಸಿದ. ಹೆಬ್ಬಟ್ಟು ಇದ್ದ ಜಾಗಾ ಬೋಳ ಇತ್ತು. ಹಗ್ಗದಾಗ ಸಿಕ್ಕಿತ್ತು ಅದು, ಕೆಂದು ಜಗ್ಗಿದ ರಭಸಕ್ಕ.

"ನನ್ನಿಂದ ಏನರ ಕಸಗೊಂಡ ಕುದರಿಗಷ್ಟ ಹೆಸರು. ಏನು ಕಸಗೊಂಡೈತಿ ಅದ ಹೆಸರು. ಹೆಸರಿದ್ದದ್ದು ನಂದು. ಹೆಸರಿಲ್ಲದ್ದು ಸಂತಿದು."

"ಹಂಗಾರ ನಿಮ್ಮ ಕಿವಿ ಒಂದು ಕಚ್ಚಸಲ್ಯಾ?"

"ಕಚ್ಚಾಕ ಅದಕ್ಕ ತ್ರಾಣ ಬೇಕಲ್ಲ, ಹುಡುಗಿ."

ಆಮ್ಯಾಲ ನಗು ಬಿಟ್ಟು ಹೇಳಿದ. "ಎರಡಕ್ಕ ಸಾಲೋವಷ್ಟು ಹುರಳಿ ಐತಿ ನನ್ನ ಹಂತ್ಯಾಕ. ಮೂರನೇದಕ್ಕ ಇಲ್ಲ. ದೀಪಾವಳಿ ಶರ್ಯತ್ತಿನ ತನಕ ಇಟ್ಟಕೋ. ಶರ್ಯತ್ತಿನ ಮರುದಿನ ಸಂತಿ. ಅಷ್ಟರಾಗ ಹೆಸರು ಬರಲಿಲ್ಲಂದ್ರ ಹೊಡಕೊಂಡು ಹೋಗು."

ಸಂತ್ಯಾಗ ಇಂಥಾ ಕುದರಿ ತಗೊಳ್ಳಾವ್ರು ಯಾರು ಅನ್ನೂದು ದ್ಯಾಮವ್ವಗ ಗೊತ್ತಿತ್ತು. ಮತ್ತ ಅದ ಭಟ್ಟಿಯಾವ್ರು.

"ಶರ್ಯತ್ತು ಗೆದ್ರ?"

"ಗೆದ್ದಾಗ ಕೇಳು."

ದ್ಯಾಮವ್ವ ಹುಣ್ಣಿಗೆ ಬೇವಿನೆಣ್ಣಿ ಅರಿಷಿಣ ಹಚ್ಚಿದ್ಲು. ಹೊಳಿಯಾಗ ಇಳಿಸಿ ಮೈ ತಿಕ್ಕಿದ್ಲು. ಜ್ವಾಳದ ಕಣಿಕಿ ತಂದು ತಾನ ಸಣ್ಣಗ ಕತ್ತರಿಸಿ ಹಾಕಿದ್ಲು. ದಿನ ಹೋದಂಗ ಮೈ ಮ್ಯಾಗ ಮಾಂಸ ಹತ್ತಿತು. ಇಷ್ಟು ದಿನ ಅದರದು ಮಣ್ಣಿನ ಬಣ್ಣ ಅಂತ ತಿಳದಿದ್ಲು, ತೊಳದ ಮ್ಯಾಗ ನೋಡಿದ್ರ ಬೆಲ್ಲದ ಬಣ್ಣ.

ಗಾಡಿಗೆ ಹೂಡಿದ್ಲು. ನಡೀತು. ಓಡು ಅಂದ್ರ ಓಡಲಿಲ್ಲ.

"ಉಸ್ತಾದ್ರ, ಇದಕ್ಕ ಯಾರೂ ಏನೂ ಕಲಿಸಿಲ್ಲ ನೋಡ್ರಿ."

ಖತಾಲಸಾಬ ಎದ್ದು ಗೂಟದಾಗಿನ ಬಾರಕೋಲು ತಗೊಂಡ. ಕುದರಿಗೆ ಮುಟ್ಟಸಲಿಲ್ಲ, ಗಾಳ್ಯಾಗ ಒಮ್ಮಿ ಚಟ್ ಅನಿಸಿದ.

ಕುದರಿ ನಿಂತಲ್ಲೇ ನಿಂತು ತಲಿ ನೆಲಕ್ಕ ಹಾಕಿತು. ಕಣ್ಣು ಮುಚ್ಚಿತು. ನಾಕೂ ಕಾಲು ನಡುಗಿದ್ವು.

"ಕಲಿಸ್ಯಾರ," ಅಂದ ಉಸ್ತಾದ. "ನಾವು ಕಲಿಸೂದಕ್ಕಿಂತ ಚೊಲೋ ಕಲಿಸ್ಯಾರ."

ದ್ಯಾಮವ್ವಗ ತಡೀಲಿಲ್ಲ. ಮರುದಿನ ಮುಂಜಾನೆದ್ದು ಅಂಗಳದಾಗ ಇದ್ದಬಿದ್ದ ಬಾರಕೋಲೆಲ್ಲಾ ಕಣಿಕಿ ಬಣವಿಯಾಗ ತುರುಕಿದ್ಲು.

ಉಸ್ತಾದ ಗೂಟ ನೋಡಿದ. ಆಕಿ ಮಾರಿ ನೋಡಿದ.

"ಪರಸಪ್ಪನ ಬಾರಕೋಲು ಎಲ್ಲಿ ಮುಚ್ಚಿಟ್ಟಿ?"

"ಅವರದು ಅವರ ಹಂತ್ಯಾಕ ಐತಿ."

"ಶರ್ಯತ್ತಿಗೆ ಮನ್ಯಾಗ ಬಿಟ್ಟು ಬಾ ಅಂತ ಹೇಳಿ ಬಂದೀ?"

ಪರಸಪ್ಪ ಹಿಂದಿನ ಶರ್ಯತ್ತು ಗೆದ್ದಾಂವ. ಅವ ಬಾರಕೋಲು ಬೀಸಿದ್ರ ಆಚಿ ದಂಡಿಯ ನಾಯಿ ಬೊಗಳತಿದ್ವು.

"ಹಂಗಾರ ಏನು ಮಾಡ್ಲಿ, ಉಸ್ತಾದ್ರ? ಕಲತದ್ದು ಮರಸೂದು ಹೆಂಗ?"

ಉಸ್ತಾದ ಬಣವಿಗೆ ಕೈ ಹಾಕಿ ಒಂದು ಬಾರಕೋಲು ಹಿರದ. ಹುರಳಿ ಚೀಲದ ಬಾಯಿಗೆ ಅದನ್ನ ಸುತ್ತಿ ಗಂಟು ಹಾಕಿದ. ಚೀಲ ಆಕಿ ಕೈಯಾಗ ಕೊಟ್ಟು ಹುಕ್ಕಾ ಸೇದಾಕ ಕುಂತ.

ದ್ಯಾಮವ್ವ ಶಾಣ್ಯಾಕಿ. ತಿಳಕೊಂಡ್ಲು. ಬಾರಕೋಲು ಬಿಚ್ಚದ ಹುರಳಿ ಸಿಗೂದಿಲ್ಲ ಅಂತ ಕುದರಿಗೂ ತಿಳೀಲಿ.

ಮೊದಲ ಬಾರಕೋಲು ನೆಲಕ್ಕ ಎಳದ್ಲು, ಹುರಳಿ ಕೊಟ್ಲು. ಆಮ್ಯಾಲ ಮೆಲ್ಲಕ ತಟ್ಟಿದ್ಲು, ಹುರಳಿ ಕೊಟ್ಲು. ಕುದರಿ ನಡುಗಕೋಂತ ತಿಂತು. ಮುಂದ ನಡಗದ ತಿಂತು. ಕಡೀಕ ಚಟ್ ಅಂದ್ರ ಸಾಕು, ಕಿವಿ ನಿಗರಿಸಿ ಅಂಗಳದ ಆ ತುದಿಯಿಂದ ಓಡಿ ಬಂದು ಆಕಿ ಕೈಯಾಗಿನ ಬಾರಕೋಲು ನೆಕ್ಕಾಕ ಹತ್ತಿತು.

ದ್ಯಾಮವ್ವನ ಖುಷಿ ಕೇಳಬ್ಯಾಡ್ರಿ.

"ಉಸ್ತಾದ್ರ! ಚಟ್ ಅಂದ್ರ ಓಡ್ತೈತಿ!"

"ಓಡ್ತೈತಿ," ಅಂದ ಖತಾಲಸಾಬ. "ಯಾ ಕಡೆ?"

"ಯಾ ಕಡೆ ಅಂದ್ರ? ನೋಡ್ರೀ, ಹೆಂಗ ಓಡ್ತೈತಿ!"

ಉಸ್ತಾದ ಮತ್ತ ಹುಕ್ಕಾ ಬಾಯಿಗಿಟ್ಟ. ಮುದುಕಗ ಯಾವುದೂ ಪಸಂದ ಬೀಳೂದಿಲ್ಲ ಅಂದ್ಕೊಂಡ್ಲು ದ್ಯಾಮವ್ವ.

ಹೊಳಿ ದಂಡಿ ಬಯಲಾಗ ದಿನಾ ಗಾಡಿ ಹೂಡಿ ಓಡಿಸಿದ್ಲು. ಒಂದ ಗಾಡಿ, ಒಂದ ಕುದರಿ, ಎದರಿಗೆ ಯಾರೂ ಇಲ್ಲ. ಕುದರಿ ಗಾಳಿ ಆಗಿತ್ತು. ಲಗಾಮು ಸಡಲ ಬಿಟ್ಟು ನಾಲಿಗಿ ಒಂದು ಸಲ ಲೊಟ್ಟ ಅನಿಸಿದ್ರ ಸಾಕಿತ್ತು.

ಒಂದಿನ ಪರಸಪ್ಪ ನೋಡಾಕ ಬಂದ. ಬೈಕ್ ನಿಲ್ಲಿಸಿ ಅದರ ಮ್ಯಾಗ ಕಾಲು ಇಳಿಬಿಟ್ಟು ಕುಂತ.

"ಏನ ತಂಗಿ, ಇಟ್ಟಂಗಿ ಹೊರೂ ಕುದರೀನ ಶರ್ಯತ್ತಿಗೆ ತರ್ತಿ ಅಂತ?"

"ಹೌದಣ್ಣ. ನೀ ಹಿಂದ ಉಳದ್ರ ನಿನ್ನ ಗಾಡೀನೂ ಹೊತ್ತಕೊಂಡು ಬರ್ತೈತಿ."

ಪರಸಪ್ಪ ಉಸ್ತಾದನ ಕಡೆ ತಿರುಗಿದ. "ಉಸ್ತಾದ್ರ, ಇಷ್ಟು ಧೈರ್ಯ ಇದ್ರ ಪಂದ್ಯ ಕಟ್ಟರಲ್ಲ. ನಿಮ್ಮ ಕುದರಿ ಮೊದಲ ಬರ್ತೈತಿ ಅಂತ ನೀವು, ನಂದು ಬರ್ತೈತಿ ಅಂತ ನಾನು."

"ಎಪ್ಪತ್ತು ವರ್ಷದಾಗ ಒಂದು ಪೈ ಪಂದ್ಯ ಕಟ್ಟಿಲ್ಲ ನಾ," ಅಂದ ಖತಾಲಸಾಬ. "ಕಟ್ಟಿದ್ರೂ ಈ ಎಲಬಿನ ಗೂಡಿನ ಮ್ಯಾಗ? ಹುಚ್ಚ ಹಿಡದಿಲ್ಲ ನನಗ."

ಪರಸಪ್ಪ ನಕ್ಕೋಂತ ಹೋದ. ದ್ಯಾಮವ್ವ ಕುದರಿಯ ಕಿವಿಗೆ ಎರಡೂ ಕೈ ಮುಚ್ಚಿ ನಿಂತಿದ್ಲು. ಆಕಿ ಕಣ್ಣಾಗ ನೀರು ಬಂದಿದ್ವು.

"ನೀವು ಇದನ್ನ ಎಂದೂ ನಂಬಲೇ ಇಲ್ಲ, ಉಸ್ತಾದ್ರ."

"ಗಾಲಿಗೆ ಎಣ್ಣಿ ಹಾಕು," ಅಂದ ಉಸ್ತಾದ. "ಬಲಗಡೇದು ಕಿರಗುಟ್ಟತೈತಿ."

ಶರ್ಯತ್ತಿನ ದಿನ ಬಯಲಿಗೆ ಬಯಲ ಮಂದಿ. ಆರು ಗಾಡಿ ನಿಂತಿದ್ವು. ಐದು ಗಾಡಿಯಾಗ ಬಾರಕೋಲು. ಆರನೇದರಾಗ ದ್ಯಾಮವ್ವ, ಬರಿಗೈ.

"ಬಾರಕೋಲು ಮರತು ಬಂದೀಯೇನವಾ?" ಅಂತ ಒದರಿದ್ರು ಯಾರೋ.

"ನಾ ಮರತಿಲ್ಲ, ಇದು ಮರತೈತಿ," ಅಂದ್ಲು ದ್ಯಾಮವ್ವ.

ಹಸರು ಬಾವುಟ ಬಿತ್ತು.

ಕುದರಿ ಬಿಟ್ಟ ಬಾಣ ಆತು. ಮೊದಲನೇ ಹುಣಸಿ ಗಿಡ ದಾಟೂದರಾಗ ಐದೂ ಗಾಡಿ ಹಿಂದ. ದ್ಯಾಮವ್ವನ ಕಿವ್ಯಾಗ ಗಾಳಿ ಬಿಟ್ಟು ಬ್ಯಾರೆ ಸಪ್ಪಳ ಇಲ್ಲ. ಸುಣ್ಣದ ಗೆರಿ ಕಣ್ಣಿಗೆ ಬಿತ್ತು. ಹೆಸರು ಬಂತು ಅಂದ್ಕೊಂಡ್ಲು. ಏನು ಹೆಸರಿದ್ರೂ ಬರಲಿ.

ಆಗ ಹಿಂದ ಪರಸಪ್ಪ ಬಾರಕೋಲು ಬೀಸಿದ. ಚಟ್!

ಕುದರಿಯ ಎರಡೂ ಕಿವಿ ನಿಗರಿದ್ವು. ಓಟ ಸಡಲಾತು.

"ಹೋಗವಾ, ಹೋಗು!" ಅಂದ್ಲು ದ್ಯಾಮವ್ವ.

ಚಟ್! ಚಟ್!

ಕುದರಿ ಕತ್ತು ಹೊಳ್ಳಿಸಿ ನೋಡ್ತು. ಕರಿಯಾಕ ಹತ್ಯಾರ ಅಂತ ತಿಳೀತು ಅದು. ಹುರಳಿ ಐತಿ ಅಂತ ತಿಳೀತು. ಪರಸಪ್ಪನ ಗಾಡಿ ಬಾಜೂಕ ಬರೂ ತನಕ ತಡದು, ಅವನ ಬಾರಕೋಲಿನ ಕೈಗೆ ಮೂಗು ಹಚ್ಚಿ ಅವನ ಸರೀಗೆ ಓಡಾಕ ಹತ್ತಿತು.

"ತಗೀ ಇದನ್ನ!" ಅಂತ ಚೀರಿದ ಪರಸಪ್ಪ. ಅವ ಬೀಸಿದಷ್ಟೂ ಅದಕ್ಕ ಖುಷಿ. ಅವನ ಕುದರಿ ಜೋರು ಓಡಿದ್ರ ಇದೂ ಜೋರು. ಅವನ ಅಂಗಿ ತೋಳು ಬಾಯಾಗ ಹಿಡದಿತ್ತು. ಒಂದು ಸಲ ಸಿಟ್ಟಿಗೆದ್ದು ಅದರ ಮಾರಿಗೇ ಹೊಡಿಯಾಕ ಕೈ ಎತ್ತಿದ. ಕುದರಿ ಕಣ್ಣು ಮುಚ್ಚಲಿಲ್ಲ. ತಲಿ ಬಗ್ಗಿಸಲಿಲ್ಲ. ತುಟಿ ಮುಂದ ಮಾಡಿ ಕೈ ನೋಡಿತು, ಏನು ಕೊಡ್ತಾನ ಅಂತ.

ಎತ್ತಿದ ಕೈ ಹಂಗ ನಿಂತಿತು. ಹೊಡೀಲಿಲ್ಲ ಅವ.

ಬಯಲಿಗೆ ಬಯಲ ಹೊಟ್ಟಿ ಹಿಡಕೊಂಡು ನಗತಿತ್ತು.

ಪರಸಪ್ಪನ ಗಾಡಿ ಮೊದಲ ಗೆರಿ ದಾಟಿತು. ದ್ಯಾಮವ್ವಂದು ಅದರ ಬೆನ್ನಿಗೆ, ಒಂದು ಕುದರಿಯಷ್ಟು ಅಂತರದಾಗ.

ಆಕಿ ಗಾಡಿ ಇಳದು ಕುದರಿಯ ಕೊರಳಿಗೆ ಹಣಿ ಹಚ್ಚಿ ನಿಂತ್ಲು. ಖತಾಲಸಾಬ ಮಂದಿ ಸರಿಸಿಕೋಂತ ಮೆಲ್ಲಕ ಬಂದ.

"ಯಾ ಕಡೆ ಅಂತ ಕೇಳಿದ್ರಿ," ಅಂದ್ಲು ದ್ಯಾಮವ್ವ. "ನಾ ಕೇಳಿಸಿಕೊಳ್ಳಲಿಲ್ಲ, ಉಸ್ತಾದ್ರ. ಬಾರಕೋಲು ಇದ್ದ ಕಡೆ ಓಡೂದ ಕಲಿಸೀನಿ ನಾ."

ಉಸ್ತಾದ ಕಿಸೆಯಾಗಿಂದ ಒಂದು ಹಿಡಿ ಹುರಳಿ ತಗದು ಪರಸಪ್ಪನ ಕೈಯಾಗ ಸುರುವಿದ.

"ನನಗ್ಯಾಕ?" ಅಂದ ಪರಸಪ್ಪ.

"ಕೊಡು ಅದಕ್ಕ. ಅಷ್ಟು ದೂರ ನಿನ್ನ ನಂಬಿ ಬಂದೈತಿ."

ಪರಸಪ್ಪ ಅಂಗೈ ಚಾಚಿದ. ಕುದರಿ ಅವನ ಕೈ ನೆಕ್ಕಿ ನೆಕ್ಕಿ ತಿಂತು. ಬಾರಕೋಲು ಅವನ ಬಗಲಾಗ ಜೋತಾಡತಿತ್ತು, ಹಿಡಿ ಎಲ್ಲಾ ಕುದರಿ ಜೊಲ್ಲಿಂದ ಹಸಿ ಆಗಿತ್ತು. ಅವನೂ ನಕ್ಕ. "ಇಂಥಾ ಕುದರಿ ನಾ ಕಂಡಿಲ್ಲ ಬಿಡವಾ ತಂಗಿ," ಅಂದ.

ದ್ಯಾಮವ್ವ ಮೂಗು ಒರಸಿಕೊಂಡ್ಲು. ಆಕಿಗೆ ಸಂತಿ ನೆನಪಾತು.

"ಗೆಲ್ಲಲಿಲ್ಲ, ಉಸ್ತಾದ್ರ. ನಾಳೆ ಹೊಡಕೊಂಡು ಹೋಗಬೇಕಲ್ಲ?"

"ಹೆಸರಿದ್ದ ಕುದರಿ ಸಂತಿಗೆ ಯಾಕ ಹೊಕ್ಕೈತಿ?"

"ಎಲ್ಲೈತಿ ಹೆಸರು? ನಿಮ್ಮ ಹಲ್ಲು ಮುರೀಲಿಲ್ಲ, ಬೆರಳು ಕಡೀಲಿಲ್ಲ. ನಿಮ್ಮಿಂದ ಏನು ಕಸಗೊಂಡೈತಿ ಇದು?"

ಪರಸಪ್ಪ ಕೆಮ್ಮಿದ. ಕಿಸೆ ಮ್ಯಾಗ ಕೈ ಇಟ್ಟಕೊಂಡ.

"ಹೇಳಿಬಿಡ್ರಿ ಉಸ್ತಾದ್ರ," ಅಂದ. "ಮುಂಜಾನೆ ಮನಿಗೆ ಬಂದು ನನ್ನ ಕೂಡ ಪಂದ್ಯ ಕಟ್ಟಿ ಹೋದ್ರಲ್ಲ. ಈಕೀಗೆ ಗೊತ್ತ ಇಲ್ಲಲ್ಲ."

ದ್ಯಾಮವ್ವ ಬಾಯಿ ತಗದು ಮುದುಕನ ಮಾರಿ ನೋಡಿದ್ಲು.

"ನೀವು? ಇದರ ಮ್ಯಾಗ?"

ಖತಾಲಸಾಬ ಹಲ್ಲಿಲ್ಲದ ಸಂದ್ಯಾಗಿಂದ ಸುಂಯ್ ಅಂತ ಉಸರು ಬಿಟ್ಟ. ಲಗಾಮು ತನ್ನ ಕೈಗೆ ತಗೊಂಡು ಕುದರಿ ಮಾರಿ ತನ್ನ ಅಂಗಳದ ಕಡೆ ತಿರುಗಿಸಿದ.

"ಹಂಗಾರ ಇದರ ಹೆಸರು ಏನು, ಉಸ್ತಾದ್ರ?"

ಮುದುಕ ಕುದರಿಯ ಕೊರಳು ತಟ್ಟಿ ಹೇಳಿದ:

"ನಾಕು ಸಾವಿರದಾ ಆರನೂರಾ ಐವತ್ತು ರೂಪಾಯಿ."