ತಂತಿಯ ತುದಿಯಲ್ಲಿ ಕೂತವನು

ಒಂದು ಡೈರಿಯಲ್ಲಿ ಹೆಣೆದುಕೊಂಡ ಎರಡು ತಂತಿಗಳು ಹಾಲಿನ ಟ್ಯಾಂಕು ಎಷ್ಟು ತಂಪಾಗಿದೆ ಎಂಬ ಸುದ್ದಿಯನ್ನು ಕೂಲಿಂಗ್ ಯಂತ್ರಕ್ಕೆ ಒಯ್ಯುತ್ತಿದ್ದವು. ಒಂದು ದಿನ ಅವು ತಮ್ಮ ತುದಿಯಲ್ಲಿದ್ದ, ವಿದ್ಯುತ್ತಿಗೆ ತಡೆಯೊಡ್ಡುವ ಪುಟ್ಟ ಬಿಡಿಭಾಗವಾದ ರೆಸಿಸ್ಟರಿಗೆ, "ಓಡುವವರು ನಾವು. ನೀನು ಸುಮ್ಮನೆ ಬೆಚ್ಚಗೆ ಕೂತಿರುತ್ತೀಯ. ಎದ್ದು ಹೋಗು," ಎಂದವು. ಅದು ಹೋಯಿತು.

ಆಮೇಲೆ ಪ್ರತಿ ಸುದ್ದಿಯೂ ತುದಿಗೆ ಬಡಿದು ಹಿಂದಕ್ಕೆ ಬಂದು, ಎದುರಿಗೆ ಬರುವ ಸುದ್ದಿಯೊಂದಿಗೆ ಕಲಸಿಹೋಯಿತು. ಯಂತ್ರಕ್ಕೆ ಒಂದೂ ಅರ್ಥವಾಗಲಿಲ್ಲ. ಹಾಲು ಇನ್ನೇನು ಕೆಡುವುದರಲ್ಲಿತ್ತು.

ತಂತಿಗಳು ರೆಸಿಸ್ಟರನ್ನು ಬೇಡಿಕೊಂಡು ಕರೆತಂದವು. ಅದು ಕೂತ ಕೂಡಲೇ ಸುದ್ದಿ ತಿಳಿಯಾಯಿತು.

"ಏನು ಮಾಡಿದೆ, ಅಣ್ಣ?"

"ನಾನು ನಿಮ್ಮ ಅಳತೆಗೆ ಸರಿಯಾಗಿ ಹೊಂದುವವನು. ನೀವು ತಂದದ್ದನ್ನು ಹಿಂದಕ್ಕೆ ತಳ್ಳದೆ ಪೂರ್ತಿ ತೆಗೆದುಕೊಳ್ಳುತ್ತೇನೆ. ಮೈ ಬೆಚ್ಚಗಾಗುವುದು ಅದರಿಂದಲೇ."

ತಂತಿಗಳು ಕೈಮುಗಿದವು. "ನಿನ್ನ ಉಪಕಾರ ಮರೆಯುವುದಿಲ್ಲ, ಅಣ್ಣ. ನಮ್ಮ ಓಟದ ಬಿಸಿ ನಿನ್ನ ಮೈಮೇಲಿತ್ತು. ನಾವು ಅದನ್ನು ನಿನ್ನ ಸುಖ ಅಂದುಕೊಂಡಿದ್ದೆವು."